ಕೆಂಪು ಫಲಕದ ಆಚೆ

ನನ್ನ ವ್ಯಾನಿನಲ್ಲಿ ವಿಮಾನ ನಿಲ್ದಾಣದಿಂದ ಹೋಟೆಲಿಗೆ, ನಮ್ಮ ಬೋಸ್ನಿಯಾದ ದುಡ್ಡಿನಲ್ಲಿ, ಮೂವತ್ತು ಮಾರ್ಕು. ಗುಂಡಿನ ತೂತುಗಳಿರುವ ಗೋಡೆಗಳನ್ನು ತೋರಿಸಲು ಅರವತ್ತು. ಯುದ್ಧದಲ್ಲಿ ನಾನಿದ್ದ ಕಂದಕ, ನನ್ನ ಕತೆ ಸಮೇತ, ನೂರು. ಕತೆಯಲ್ಲಿ ನಾನು ಅಳಬೇಕೆಂದರೆ ಇಪ್ಪತ್ತು ಹೆಚ್ಚು.

ನೆಲಬಾಂಬಿನ ಕಾಡಿನಿಂದ ಪ್ರವಾಸಿಯನ್ನು ಹೊರಗೆ ತರಲು ಎಷ್ಟು?

ನನ್ನ ದರಪಟ್ಟಿಯಲ್ಲಿ ಅದು ಇರಲಿಲ್ಲ.

ಇದು ಹೊಳೆದಾಗ ನಾನು ಸರಾಯೆವೊ ಮೇಲಿನ ಗುಡ್ಡದಲ್ಲಿ, ಅಂಥದೇ ಕಾಡಿನ ನಡುವೆ ಒಂಟಿಕಾಲಿನಲ್ಲಿ ನಿಂತಿದ್ದೆ. ಬಲಗಾಲು ಗಾಳಿಯಲ್ಲಿ... ಇಳಿಸುವ ಧೈರ್ಯ ಇರಲಿಲ್ಲ.

ಎಂಟು ಹೆಜ್ಜೆ ಮುಂದೆ ಹೆನ್ರಿಕ್. ನನ್ನ ಅಂದಿನ ಪ್ರವಾಸಿ, ಡೆನ್ಮಾರ್ಕಿನ ಹಲ್ಲಿನ ಡಾಕ್ಟರು. ನಾನು ವ್ಯಾನಿನ ಪಕ್ಕ ಸಿಗರೇಟು ಹಚ್ಚುವಷ್ಟರಲ್ಲಿ ಮೂತ್ರಕ್ಕೆಂದು ಮರಗಳ ನಡುವೆ ನುಗ್ಗಿದ್ದ. ತಡೆಯಲೆಂದು ಹಿಂದೆಯೇ ಓಡಿ ಬಂದಿದ್ದೆ.

"ಸೆನಾದ್, ಯಾಕೆ ಕೊಕ್ಕರೆ ತರ ನಿಂತಿದ್ದೀಯ?"

"ನಿಮ್ಮ ಬ್ಯಾಗಿಂದ ಹೊರಗೆ ಇಣುಕ್ತಾ ಇರೋದು ಏನು ಡಾಕ್ಟ್ರೇ?"

"ಕೆಂಪು ಬೋರ್ಡು. ಅಲ್ಲಿ ಮರಕ್ಕೆ ನೇತುಹಾಕಿದ್ರು. ನನ್ನ ಕ್ಲಿನಿಕ್ಕಲ್ಲಿ ಹಾಕೋಣ ಅಂತ ತಗೊಂಡೆ."

"ಅದ್ರಲ್ಲಿರೋ ತಲೆಬುರುಡೆ ನೋಡಿದ್ರಾ?"

"ನೋಡ್ದೆ. ಹಲ್ಲು ಚೆನ್ನಾಗಿದೆ."

ನಾನು ಉಸಿರು ಎಳೆದುಕೊಂಡೆ. "ಅದರರ್ಥ, ಇಲ್ಲಿ ನೆಲದಡಿ ಬಾಂಬಿದೆ ಅಂತ."

"ಯುದ್ಧ ಮುಗಿದು ಮೂವತ್ತು ವರ್ಷ ಆಯ್ತಲ್ಲ?"

"ಆಯ್ತು. ಬಾಂಬಿಗೆ ಯಾರೂ ಹೇಳಿಲ್ಲ."

ಅವನ ಮುಖ ಹಲ್ಲಿನ ಡಾಕ್ಟರ ಕೋಟಿನಷ್ಟೇ ಬಿಳಿಯಾಯಿತು. ಪ್ಯಾಂಟಿನ ಜಿಪ್ಪು ತೆರೆದೇ ಇತ್ತು. ಹಾಕಲು ಹೇಳಲಿಲ್ಲ. ಅಲುಗಾಡುವುದು ಬೇಡ ಎನಿಸಿತು.

"ಹಾಗಾದ್ರೆ ನೀನ್ಯಾಕೆ ಓಡಿ ಬಂದೆ?"

"ನೀವು ಇನ್ನೂ ದುಡ್ಡು ಕೊಟ್ಟಿಲ್ಲ."

ತಮಾಷೆಗೆ ಹೇಳಿದೆ. ಬಲಗಾಲು ಇನ್ನೂ ಗಾಳಿಯಲ್ಲೇ ಇತ್ತು. ಕಂದಕದಲ್ಲಿ ನನ್ನ ಪಕ್ಕ ಮಲಗುತ್ತಿದ್ದ ರಮೀಜ್ ಇಂಥದೇ ಕಾಡಿನಲ್ಲಿ ಎಡಗಾಲು ಬಿಟ್ಟು ಬಂದಿದ್ದಾನೆ. ಆ ಸದ್ದು ನಾನು ಕೇಳಿದ್ದೇನೆ. ಅದನ್ನು ಯಾವ ಪ್ರವಾಸಿಗೂ ಹೇಳಿಲ್ಲ, ಯಾವ ದರಕ್ಕೂ.

ಆಗ ಕಣ್ಣಿಗೆ ಬಿತ್ತು.

ನನ್ನ ಎಡಗಾಲಿನ ಪಕ್ಕದಲ್ಲೇ ಅಣಬೆಯ ಬುಡ. ಚಾಕುವಿನಿಂದ ಕೊಯ್ದದ್ದು. ಕೊಯ್ದ ಜಾಗ ಇನ್ನೂ ಬೆಳ್ಳಗಿತ್ತು. ಆಚೆ ಇನ್ನೊಂದು... ಅದರಾಚೆ ಮೂರು.

ಯಾರೋ ಇಂದು ಬೆಳಿಗ್ಗೆ ಇಲ್ಲಿ ಆರಾಮವಾಗಿ ಓಡಾಡಿದ್ದರು. ಕಾಲು ಎರಡೂ ಇದ್ದವರು.

ಹಿಂದೆ ಎಲೆ ಚರಕ್ ಎಂದಿತು.

"ಕದಲಿದ್ರೆ ನೋಡು. ಕೈ ಮೇಲೆತ್ತು."

ಎತ್ತಿದೆ. ಕಾಲು ಮೊದಲೇ ಮೇಲಿತ್ತು. ಬಿದ್ದೆ.

ಏನೂ ಸಿಡಿಯಲಿಲ್ಲ.

ತಲೆಯೆತ್ತಿದರೆ ಒಂದು ಕೈಯಲ್ಲಿ ಬಾಗಿದ ಚಾಕು, ಇನ್ನೊಂದರಲ್ಲಿ ಬುಟ್ಟಿ, ತಲೆಗೆ ಹೂವಿನ ವಸ್ತ್ರ. ಸಂತೆಯಲ್ಲಿ ಅಣಬೆ ಮಾರುವ ರಬಿಯಾ ಅಜ್ಜಿ! ಊರಿಗೇ ಒಳ್ಳೆಯ ಅಣಬೆ ಅವಳದು. ಎಲ್ಲಿಂದ ತರುತ್ತಾಳೆ ಎಂದು ಇಪ್ಪತ್ತು ವರ್ಷದಿಂದ ಯಾರಿಗೂ ಗೊತ್ತಿಲ್ಲ. ಅವಳ ಸೊಸೆ ಎರಡು ಸಲ ಹಿಂಬಾಲಿಸಿ, ಎರಡು ಸಲವೂ ದಾರಿ ತಪ್ಪಿ ಬಂದಿದ್ದಳು.

"ನೀನು ಮುನೀರಾಳ ಮಗ ಅಲ್ವೇನೋ?"

"ಹೌದಜ್ಜಿ. ಇಲ್ಲಿ ಬಾಂಬು..."

"ಎಂಥ ಬಾಂಬು? ಸರ್ಕಾರದೋರು ಮೂರು ಬೇಸಿಗೆ ಕೂತು ಒಂದೊಂದಾಗಿ ತೆಗೆದ್ರು. ದಿನಾ ನಾನೇ ಕಾಫಿ ಕಾಯಿಸಿಕೊಟ್ಟೆ. ಹೋಗುವಾಗ ಒಂದು ಫಲಕ ಕೇಳಿ ಇಟ್ಕೊಂಡೆ. ಕೋಳಿಗೂಡಿನ ತೂತು ಮುಚ್ಚೋಕೆ ಅಂದೆ."

"ಕೋಳಿ ಸಾಕಿದ್ದೀಯಾ?"

"ಇಲ್ಲ."

ನಗು ಬಂತು. ಸಿಟ್ಟೂ ಬಂತು. "ರಮೀಜನ ಕಾಲು ಗೊತ್ತಲ್ಲ ಅಜ್ಜಿ? ಇಂಥದ್ರಲ್ಲಿ ಆಟ ಆಡ್ತಾರಾ?"

ಅಜ್ಜಿ ಚಾಕು ಒರೆಸಿದಳು. "ಅವನಿಗೆ ಪ್ರತಿ ಶುಕ್ರವಾರ ಅಣಬೆ ಸಾರು ಕಳಿಸೋಳು ಯಾರು ಅಂದ್ಕೊಂಡೆ? ಜಾಗ ಗೊತ್ತಾದ್ರೆ ಇಡೀ ಊರು ಬುಟ್ಟಿ ಹಿಡ್ಕೊಂಡು ಬರುತ್ತೆ. ಆಮೇಲೆ ಅವನಿಗೂ ಇಲ್ಲ, ನನಗೂ ಇಲ್ಲ." ಚಾಕು ನನ್ನ ಮೂಗಿನತ್ತ ತಿರುಗಿತು. "ನೀನು ಹೇಳ್ತೀಯಾ?"

"ಇಲ್ಲಜ್ಜಿ."

"ಆ ಉದ್ದನೆಯವನು?"

ಹೆನ್ರಿಕ್‌ಗೆ ನಮ್ಮ ಮಾತು ಅರ್ಥವಾಗುತ್ತಿರಲಿಲ್ಲ. ಕೈ ಮುಗಿದು ನಿಂತಿದ್ದ. ನಾನು ಅವನಿಗೆ ತಿಳಿಯುವ ಇಂಗ್ಲಿಷಿನಲ್ಲಿ ಹೇಳಿದೆ: "ಡಾಕ್ಟ್ರೇ, ಬಾಂಬಿಲ್ಲದ ದಾರಿ ಈ ಅಜ್ಜಿಗೊಬ್ಬಳಿಗೇ ಗೊತ್ತು. ಅವಳು ಇಟ್ಟಲ್ಲೇ ಹೆಜ್ಜೆ ಇಡಿ."

ಹೊರಟೆವು. ಮುಂದೆ ಅಜ್ಜಿ, ಹಿಂದೆ ಡಾಕ್ಟರು, ಕೊನೆಗೆ ನಾನು.

ರಸ್ತೆಗೆ ಇದ್ದದ್ದು ಇಪ್ಪತ್ತು ಹೆಜ್ಜೆ. ಅಜ್ಜಿ ಒಂದೂವರೆ ಗಂಟೆ ನಡೆಸಿದಳು.

ಎಡಕ್ಕೆ ಹೋದಳು. ಅಣಬೆ ಕೊಯ್ದಳು. ಬಲಕ್ಕೆ ಹೋದಳು, ಕೊಯ್ದಳು. ಬೀಚ್ ಜಾತಿಯ ಒಂದು ದಪ್ಪ ಮರಕ್ಕೆ ಎರಡು ಸುತ್ತು ಹಾಕಿದಳು. ನಾವೂ ಹಾಕಿದೆವು. ಸೊಂಟ ಹಿಡಿದುಕೊಂಡು ಬಗ್ಗಿದಳು. ಡಾಕ್ಟರೂ ಸೊಂಟ ಹಿಡಿದುಕೊಂಡು ಬಗ್ಗಿದ. ಅಜ್ಜಿ ಸೀನಿದಾಗ ಅವನು ನನ್ನ ಕಡೆ ತಿರುಗಿ, "ನಾನೂ ಸೀನಬೇಕಾ?" ಎಂದು ಪಿಸುಗುಟ್ಟಿದ.

"ಸೀನಿದ್ರೆ ಒಳ್ಳೇದು."

ಸೀನಿದ.

ಬುಟ್ಟಿ ತುಂಬಿತು. ಅವನ ಬ್ಯಾಗೂ ತುಂಬಿತು. ರಸ್ತೆ ಮುಟ್ಟಿದಾಗ ಡಾಕ್ಟರು ಅಜ್ಜಿಯ ಕೈಗೆ ಮುತ್ತಿಟ್ಟು ಅತ್ತ, ಅದೂ ಬಿಟ್ಟಿಯಾಗಿ. ಅಜ್ಜಿಗೆ ನೂರು ಮಾರ್ಕಿನ ಎರಡು ನೋಟು ಕೊಟ್ಟ. ನಾನು ಕೈ ಚಾಚಿದೆ.

"ನಿನಗೆ ಯಾಕೆ?" ಅಂದ. "ಕಾಪಾಡಿದ್ದು ಅವರು. ನೀನು ಬಿದ್ದೆ, ಅಷ್ಟೇ."

ಡಾಕ್ಟರ ಬ್ಯಾಗಿನಿಂದ ಫಲಕ ತೆಗೆದು ಮತ್ತೆ ಮರಕ್ಕೆ ಹೊಡೆದದ್ದೂ ನಾನೇ. ಅಜ್ಜಿ ಕೆಳಗೆ ನಿಂತು, ಸೊಟ್ಟ ಇದೆ, ಸರಿ ಮಾಡು ಎಂದಳು.

ಅಜ್ಜಿಗೆ ಇನ್ನೂರು ಮಾರ್ಕು, ಐದು ಕಿಲೋ ಅಣಬೆ, ಇಬ್ಬರು ಕೂಲಿಗಳು.

ನನಗೆ ಎರಡು ಕಾಲು. ಬೆಳಿಗ್ಗೆ ತಂದಿದ್ದವೇ.