ಘೇಂಡಾಮೃಗದ ಹಾದಿಯಲ್ಲಿ ಅವಳ ಜೀಪು

"ಕೀ ಮುಟ್ಟಬೇಡಿ!"

ಅವನ ಪಿಸುಮಾತಿಗೆ ಅವಳ ಕೈ ಗಾಳಿಯಲ್ಲೇ ನಿಂತಿತು.

ಅಭಯಾರಣ್ಯದಲ್ಲಿ ಪ್ರವಾಸಿಗರ ಜೀಪ್ ಓಡಿಸುವ ಕೆಲಸಕ್ಕೆ ಸೇರಿದ ಮೇಲೆ ಅವಳಿಗದು ಮೊದಲ ಬೆಳಗು. ಪಕ್ಕದಲ್ಲಿ ಕುಳಿತ ಗೈಡ್‌ನ ಮುಖವನ್ನೂ ಇನ್ನೂ ಸರಿಯಾಗಿ ನೋಡಿರಲಿಲ್ಲ. ನೋಡುವುದೆಲ್ಲಿ? ಆಳೆತ್ತರದ ಹುಲ್ಲು ಸೀಳಿಕೊಂಡು ಘೇಂಡಾಮೃಗವೊಂದು ಜೀಪಿನ ಮೂತಿಗೇ ಬಂದು ನಿಂತಿತ್ತು! ಅದರ ಹೊಟ್ಟೆಗೆ ಅಂಟಿಕೊಂಡು ಪುಟ್ಟ ಮರಿ.

ಈ ಪ್ರಾಣಿಯನ್ನು ಕಣ್ತುಂಬಿಕೊಳ್ಳಲೆಂದೇ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಅವಳಿಗೋ ಕಣ್ಣು ಮುಚ್ಚಿಕೊಂಡರೆ ಸಾಕಾಗಿತ್ತು.

"ಅದಕ್ಕೆ ಕಣ್ಣು ಮಂದ. ಸದ್ದು ಮಾಡದಿದ್ರೆ ಹೋಗುತ್ತೆ. ಉಸಿರಾಡಿ... ನಿಧಾನ..."

ತಾಯಿ ಗಾಳಿ ಮೂಸಿ, ಮರಿಯನ್ನು ತಳ್ಳಿಕೊಂಡು ಹುಲ್ಲಿನೊಳಗೆ ಮರೆಯಾಯಿತು. ಅವಳು ತಿರುಗಿದಳು. ಅವನು ನೋಡುತ್ತಿದ್ದುದು ಅವಳನ್ನೇ! ಸಟ್ಟನೆ ಮುಖ ತಿರುಗಿಸಿಕೊಂಡ.

ಆಮೇಲಿನ ದಿನಗಳಲ್ಲಿ ಭಯ ಹೋಗಲಿಲ್ಲ. ಆದರೆ ಅವನು ಪಕ್ಕದಲ್ಲಿ ಕೂರುವ ಬೆಳಗಿನ ಪಾಳಿಗಾಗಿ ಅವಳು ಕಾಯತೊಡಗಿದ್ದಳು.

ಒಂದು ಸಂಜೆ ಆಫೀಸಿನ ಕಿಟಕಿಯಾಚೆ ಅವನ ದನಿ ಕೇಳಿಸಿತು.

"ಸಾರ್, ಅವರ ಜೀಪಿಗೆ ಬೇರೆ ಗೈಡ್ ಹಾಕಿ. ನನ್ನ ಕೈಲಾಗಲ್ಲ."

"ನಾಳೆ ಒಂದಿನ ಹೊಂದಿಕೊಳ್ಳಪ್ಪಾ, ಬೇರೆ ಯಾರೂ ಇಲ್ಲ," ಎಂದರು ಮ್ಯಾನೇಜರ್.

ಅವಳು ಕಿಟಕಿಯಿಂದ ಹಿಂದೆ ಸರಿದಳು. 'ಹೆಂಗಸು ಓಡಿಸೋ ಜೀಪು ಅಂತ ಅಷ್ಟು ತಾತ್ಸಾರವೇ?'

ಮರುದಿನ ಅವಳು ಅವನತ್ತ ತಿರುಗದೆ ಜೀಪು ಹೊರಡಿಸಿದಳು. ಹಿಂದಿನ ಸೀಟಿನಲ್ಲಿ ಪ್ರವಾಸಕ್ಕೆ ಬಂದ ಅಜ್ಜ-ಅಜ್ಜಿ. ಹಸಿ ಮಣ್ಣಿನ ತಿರುವಿನಲ್ಲಿ ಮುಂದಿನ ಚಕ್ರ ಹೂತಿತು. ಅವನು ಇಳಿದು ಚಕ್ರದಡಿ ಹಲಗೆ ತುರುಕಿದ.

ಅಷ್ಟರಲ್ಲಿ ಹುಲ್ಲು ಅಲ್ಲಾಡಿತು. ಬುಸ್ಸ್...!

ಅದೇ ತಾಯಿ. ತಲೆ ತಗ್ಗಿಸಿತ್ತು.

ಅವನು ಜೀಪಿನತ್ತ ಓಡಿದರೆ ಅದೂ ಜೀಪಿಗೇ ನುಗ್ಗುತ್ತಿತ್ತು. ಅವನು ಬೇಕೆಂದೇ ಕೂಗುತ್ತಾ ಆಚೆ ದಿಕ್ಕಿಗೆ ಓಡಿದ!

"ಬೇಡಾ!" ಎಂದು ಅವಳು ಕೂಗಿದಳು. ಅವನೂ ಪ್ರಾಣಿಯೂ ಹುಲ್ಲಿನಲ್ಲಿ ಮಾಯ. ದಡ್ಡೆಂಬ ಸದ್ದು. ಆಮೇಲೆ ಏನೂ ಇಲ್ಲ...

ಕಾಡಿನಲ್ಲಿ ಹಾರ್ನ್ ಮಾಡಬಾರದು. ಅವಳು ಅಂಗೈಯಿಟ್ಟು ಒತ್ತಿದಳು. ಒತ್ತಿಯೇ ಹಿಡಿದಳು. ಘೇಂಡಾಮೃಗ ಜೀಪಿನತ್ತ ತಿರುಗಿ ನುಗ್ಗಿತು! ಆಕ್ಸಿಲರೇಟರ್ ತುಳಿದಳು. ಚಕ್ರ ಹಲಗೆ ಹತ್ತಿತು, ಜೀಪು ಪಕ್ಕಕ್ಕೆ ನೆಗೆಯಿತು. ಕೊಂಬು ತಾಗಿ ಹಿಂಬದಿಯ ತಗಡು ಕರ್ರನೆ ಸೀಳಿತು. ಅಜ್ಜಿ ಅಜ್ಜನ ತೋಳಿಗೆ ಜೋತುಬಿದ್ದರು. ದೂರದಲ್ಲಿ ಮರಿ ಕೀರಲು ದನಿಯಲ್ಲಿ ಕೂಗಿತು. ತಾಯಿ ಒಂದು ಕ್ಷಣ ನಿಂತು, ಆ ದನಿಯತ್ತ ಹೊರಟುಹೋಯಿತು.

"ರೀ... ಎಲ್ಲಿದ್ದೀರಾ? ಮಾತಾಡ್ರೀ!"

ಹುಲ್ಲಿನಂಚಿಗೆ ಜೀಪು ತೆವಳಿಸಿದಳು. 'ದೇವರೇ, ಬೈಯೋದಾದ್ರೂ ಬೈಯಲಿ, ಅವರ ದನಿ ಕೇಳಿಸು...'

"ಇಲ್ಲಿ... ಮೇಲೆ."

ಮರದ ಕೊಂಬೆಯನ್ನು ತಬ್ಬಿಕೊಂಡಿದ್ದ. ಅಂಗಿ ಹರಿದು ಚಿಂದಿ, ಮೊಣಕೈಯಲ್ಲಿ ರಕ್ತ. ಅವನು ಸೀಟಿಗೆ ಧುಮುಕಿದ್ದೇ ತಡ, ಅವಳು ಬಯಲು ಸಿಗುವವರೆಗೆ ಜೀಪು ನಿಲ್ಲಿಸಲಿಲ್ಲ. ನಿಲ್ಲಿಸಿದ ಮೇಲೆ ಅಳು ನಿಲ್ಲಲಿಲ್ಲ.

"ನನ್ನ ಜೀಪು ಬೇಡ ಅಂದೋರು... ನಮಗೋಸ್ಕರ ಯಾಕೆ ಪ್ರಾಣ ಒಡ್ಡಿದ್ರಿ?"

ಅವನು ಬೆಚ್ಚಿದ. "ಕೇಳಿಸ್ಕೊಂಡ್ರಾ?... ಕಾಡು ನೋಡ್ಬೇಕಾದ ಕಣ್ಣು ನಿಮ್ಮನ್ನೇ ನೋಡ್ತಿತ್ತು ರೀ! ಇವತ್ತೂ ಅಷ್ಟೇ, ಅದು ಬಂದಿದ್ದು ಗೊತ್ತೇ ಆಗ್ಲಿಲ್ಲ. ನನ್ನಿಂದ ನಿಮಗೇನಾದ್ರೂ ಆದ್ರೆ ಅನ್ನೋ ಭಯ. ಅದಕ್ಕೇ ದೂರ ಹೋಗೋಣ ಅಂದ್ಕೊಂಡೆ."

"ನಾವಿಬ್ರೂ ಕಿವುಡ್ರು ಅಂತ ತಿಳ್ಕೊಂಡು ಮಾತಾಡ್ಕೊಳ್ಳಿ ಮಕ್ಳೇ," ಎಂದರು ಹಿಂದಿನಿಂದ ಅಜ್ಜಿ.

ಅಳುತ್ತಲೇ ನಕ್ಕಳು. ಔಷಧಿ ಡಬ್ಬಿ ತೆರೆದು ಅವನ ಕೈಗೆ ಪಟ್ಟಿ ಸುತ್ತಿದಳು. ಅವಳ ಬೆರಳುಗಳ ಮೇಲೆ ಅವನ ಅಂಗೈ ಬಂದು ಕೂತಿತು.

"ಇನ್ನೂ ನಡುಗ್ತಿದ್ದೀರಲ್ಲ..."

"ನೀವೂ."

"ಸ್ವಲ್ಪ ಹೊತ್ತು ಹೀಗೇ ಹಿಡ್ಕೊಂಡಿರ್ಲಾ?"

"ಸ್ವಲ್ಪ ಹೊತ್ತು ಸಾಲಲ್ಲ," ಎಂದಳು ಅವಳು.