ಮಸಿ ಹತ್ತದ ಹಗ್ಗ

ಅಕ್ಟೋಬರ್ ಹತ್ತು, ಶುಕ್ರವಾರ. ಮಧ್ಯಾಹ್ನ ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ಬುರುಲ್ ಎಂಬ ಐವತ್ತೆಂಟು ವರ್ಷದ ಹೆಂಗಸು ಚೊಲೋಕ್-ತೆರೆಕ್ ಪೊಲೀಸ್ ಠಾಣೆಗೆ ಬಂದಳು. ಅವಳ ತಲೆವಸ್ತ್ರದ ಒಂದು ಅಂಚು ಸುಟ್ಟು ಕಪ್ಪಾಗಿತ್ತು.

"ನನ್ನ ಹುಲ್ಲಿಗೆ ಬೆಂಕಿ ಇಟ್ಟಿದ್ದಾರೆ," ಅಂದಳು. "ಚಳಿಗಾಲಕ್ಕಿಟ್ಟಿದ್ದು ಪೂರ್ತಿ ಹೋಯ್ತು. ಮುನ್ನೂರು ಕಟ್ಟು."

ತನಿಖಾಧಿಕಾರಿ ಎಸೆಂಗುಲ್ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಎಷ್ಟು ಹೊತ್ತಿಗೆ?"

"ಒಂದೂವರೆಗೆ ಹೊಗೆ ಕಾಣಿಸ್ತಂತೆ. ಗಂಡಸರೆಲ್ಲ ಶುಕ್ರವಾರದ ನಮಾಜಿಗೆ ಹೋಗಿದ್ರು. ನಾನು ಶಾಲೇಲಿದ್ದೆ."

"ಶಾಲೇಲಿ ಏನು ಕೆಲ್ಸ?"

"ಅರ್ಜಿ ಕೊಡೋದಿತ್ತು."

"ಯಾರ ಮೇಲಾದ್ರೂ ಅನುಮಾನ?"

ಬುರುಲ್ ಅವನನ್ನು ನೇರವಾಗಿ ನೋಡಿದಳು. "ಜನವರೀಲಿ ನನ್ನ ಗಂಡ ಸತ್ತಾಗ ನೀವು ನನ್ನನ್ನ ಒಂದು ಮಾತೂ ಕೇಳಿರ್ಲಿಲ್ಲ. ಕುಡಿದು ಸತ್ತ ಅಂತ ಹೇಳಿ ಹೋದ್ರಿ, ಅಷ್ಟೆ. ಈ ಸಲ ಕೇಳ್ತಿದ್ದೀರಲ್ಲ, ಅದೇ ದೊಡ್ಡದು."

ಪಕ್ಕದ ಮೇಜಿನಲ್ಲಿ ದೂರು ಬರೆದುಕೊಳ್ಳುತ್ತಿದ್ದ ಸಾರ್ಜೆಂಟ್ ಜಿಪಾರ್ ತಲೆಯೆತ್ತಿ ಇಬ್ಬರನ್ನೂ ನೋಡಿ ಮತ್ತೆ ತಗ್ಗಿಸಿದಳು. ಎಫ್‌ಐಆರ್ ಸಂಖ್ಯೆ 212 ದಾಖಲಾಯಿತು.

ಸಾರಿ-ಕಾಮಿಶ್ ಹಳ್ಳಿಗೆ ಜೀಪಿನಲ್ಲಿ ನಲವತ್ತು ನಿಮಿಷದ ದಾರಿ. ಆ ದಾರಿಯುದ್ದಕ್ಕೂ ಎಸೆಂಗುಲನಿಗೆ ಜನವರಿ ಹತ್ತೊಂಬತ್ತರ ಬೆಳಗು ನೆನಪಾಗುತ್ತಿತ್ತು. ಬುರುಲಳ ಗಂಡ ಮುಕಾಶ್ ಹಳ್ಳಿಯ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವ. ಅವತ್ತು ಏಳು ಗಂಟೆಗೆ ಬಾಯ್ಲರ್ ಕೋಣೆಯಲ್ಲಿ ಸತ್ತು ಬಿದ್ದಿದ್ದ. ಕಿಟಕಿಯ ಕಟ್ಟೆಯ ಮೇಲೆ ಒಂದು ವೋಡ್ಕಾ ಬಾಟಲಿ ಇತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿನ ಚಳಿ. ಎಂಜಿನ್ ಆರಿಸಿದರೆ ಜೀಪು ಮತ್ತೆ ಹತ್ತುವುದಿಲ್ಲ ಎಂದು ಚಾಲಕ ಅವಸರ ಮಾಡುತ್ತಿದ್ದ. ಎಸೆಂಗುಲ್ ಅಲ್ಲಿ ಇದ್ದದ್ದು ಇಪ್ಪತ್ತೈದು ನಿಮಿಷ. 'ಅತಿಯಾದ ಮದ್ಯಪಾನದಿಂದ ಸಾವು' ಎಂದು ಬರೆದ. ರಕ್ತ ಪರೀಕ್ಷೆಗೆ ಕಳಿಸಲಿಲ್ಲ. ಚಿಮಣಿ ಶುಚಿ ಮಾಡಿದೆ ಎಂದು ಶಾಲೆಯವರು ಕೊಟ್ಟ ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸಿ ಮುಚ್ಚಿದ.

4.20ಕ್ಕೆ ಪಂಚನಾಮೆ ಶುರುವಾಯಿತು. ಕೊಟ್ಟಿಗೆಯ ಮಾಡಿನ ಮೇಲೆ ಪೇರಿಸಿದ್ದ ಹುಲ್ಲು ಮಾಡಿನ ಸಮೇತ ಕುಸಿದಿತ್ತು. ಒಳಗೆ ಬಿಸಿ ಬೂದಿ. ಹಿಂದಿನ ಗೋಡೆಯ ಬುಡದಲ್ಲಿ ಸೀಮೆಎಣ್ಣೆಯ ವಾಸನೆ. ಸಾಕ್ಷಿಯಾಗಿ ನಿಂತಿದ್ದ ಪಕ್ಕದ ಮನೆಯ ಝೂರಾ ಕೈಗಂಟಿದ ರೊಟ್ಟಿ ಹಿಟ್ಟನ್ನು ಉಜ್ಜುತ್ತಾ ಹೇಳಿದಳು:

"ಬುಧವಾರದ ಊರ ಸಭೇಲಿ ಎದ್ದು ನಿಂತು ಕೇಳಿದ್ಲಲ್ಲ, ಅದಕ್ಕೇ ಇದು."

"ಏನು ಕೇಳಿದ್ರು?"

"ಶಾಲೆ ಚಿಮಣೀನ ಕಣ್ಣಾರೆ ನೋಡಿದೋರು ಯಾರು ಅಂತ. ತನ್ನ ಗಂಡ ಕುಡಿದಿದ್ದನ್ನ ಕಂಡೋರು ಯಾರು ಅಂತ. ಇನ್ನೊಂದು ವಾರಕ್ಕೆ ಮತ್ತೆ ಬಾಯ್ಲರ್ ಹಚ್ತಾರೆ, ಮುನ್ನೂರು ಮಕ್ಳು ಒಳಗಿರ್ತಾರೆ ಅಂದ್ಲು."

"ಯಾರಾದ್ರೂ ಉತ್ತರ ಕೊಟ್ರಾ?"

"ಕೊಟ್ರು. ಗಂಡ ಕುಡಿದಿದ್ದು ಇವಳಿಗೆ ಈಗ ಏರಿದೆ ಅಂದ್ರು. ಎಲ್ರೂ ನಕ್ರು." ಝೂರಾ ಕೈ ಉಜ್ಜುವುದನ್ನು ನಿಲ್ಲಿಸಿದಳು. "ನಾನೂ ನಕ್ಕೆ. ಅದನ್ನೂ ಬರ್ಕೊಳ್ಳಿ ಬೇಕಿದ್ರೆ."

ಬುರುಲಳ ಹಸು ಸತ್ತಿರಲಿಲ್ಲ. ಕೊಟ್ಟಿಗೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ, ಕಾಲುವೆಯ ಪಕ್ಕದ ಪಾಪ್ಲರ್ ಮರಕ್ಕೆ ಕಟ್ಟಿ ನಿಲ್ಲಿಸಿದ್ದರು. ಹನ್ನೆರಡೂವರೆಗೆ ತಾನೇ ಅದನ್ನು ಒಳಗೆ ಸರಪಳಿಗೆ ಕಟ್ಟಿ ಹೋಗಿದ್ದೆ, ಮರಕ್ಕೆ ಕಟ್ಟಿರುವ ಹಗ್ಗ ತನ್ನದಲ್ಲ ಎಂದು ಬುರುಲ್ ಹೇಳಿದಳು.

ಜಿಪಾರ್ ಹಗ್ಗ ಬಿಚ್ಚಿ ಅಳೆದಳು. ಹೆಬ್ಬೆರಳು ದಪ್ಪದ ಬಿಳಿ ಹಗ್ಗ. ಉದ್ದ ಇಪ್ಪತ್ತೈದು ಮೀಟರ್. ತುದಿಯಲ್ಲಿ ಒಂದು ತಗಡಿನ ಬಿಲ್ಲೆ. ಅದರ ಮೇಲೆ 417 ಎಂದು ಒತ್ತಿತ್ತು.

"ಸರ್, ಹುಲ್ಲಿಗೆ ಬೆಂಕಿ ಇಡೋನು ಹಸೂನ ಯಾಕೆ ಬಿಚ್ಚಿ ಹೊರಗೆ ಕಟ್ತಾನೆ?"

ಜಿಪಾರ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕೇಳುವುದು ಕಮ್ಮಿ ಮಾಡು, ಬರೆಯುವುದು ಜಾಸ್ತಿ ಮಾಡು ಎಂದು ಎಸೆಂಗುಲ್ ಅವಳಿಗೆ ಹತ್ತಾರು ಸಲ ಹೇಳಿದ್ದ. ಇವತ್ತು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಸೀದಿಯ ಅಂಗಳದಲ್ಲಿ, ನಮಾಜು ಮಾಡಿಸುವ ಮೊಲ್ದೊ ನೂರ್ದಿನನ ಹೇಳಿಕೆ ಪಡೆದರು. ಮೂವತ್ತರ ಆಸುಪಾಸಿನವ. ಓದಿ ಬಂದವನೆಂದು ಹಿರಿಯರೂ ಅವನ ಮುಂದೆ ದನಿ ತಗ್ಗಿಸುತ್ತಿದ್ದರು.

"ನಿನ್ನೆ ನಮಾಜಿಗೆ ಯಾರು ಬಂದಿರ್ಲಿಲ್ಲ?"

"ಎಲ್ರೂ ಬಂದಿದ್ರು."

"ತಡವಾಗಿ ಬಂದೋರು?"

"ಶಾಲೆಯ ಉಗ್ರಾಣದ ಸಾಗಿನ್ ಬೈಕೆ," ಹಿರಿಯನನ್ನು ಅಣ್ಣ ಎನ್ನುವ ಹಾಗೆ ನೂರ್ದಿನ್ ಹೇಳಿದ. "ಮುಗಿಯೋಕೆ ಬಂದಿತ್ತು, ಆಗ ಬಂದು ಕೊನೇ ಸಾಲಲ್ಲಿ ನಿಂತ್ರು. ಮೈಯಿಂದ ಹೊಗೆ ವಾಸನೆ ಬರ್ತಿತ್ತು. ಮನೇಲಿ ಒಲೆ ಹಚ್ಚಿ ಬಂದಿರ್ಬೇಕು ಅಂದ್ಕೊಂಡೆ. ಆಮೇಲೆ ಬೆಂಕಿ ಬಿತ್ತು ಅಂತ ಕೂಗು ಬಂದಾಗ ಮೊದಲು ಬಕೆಟ್ ಹಿಡಿದು ಓಡಿದ್ದೂ ಅವ್ರೇ."

ಜಿಪಾರ್ ಬರೆದು ಮುಗಿಸಿದಳು. ಸಹಿ ಹಾಕಬೇಕಿದ್ದ ನೂರ್ದಿನ್ ಪೆನ್ನು ಕೆಳಗಿಟ್ಟ.

"ಇನ್ನೇನಾದ್ರೂ ಇದೆಯಾ?" ಎಸೆಂಗುಲ್ ಕೇಳಿದ.

"ಮುಕಾಶರನ್ನ ಮಣ್ಣು ಮಾಡೋವಾಗ ಜನಾಜಾ ನಮಾಜು ನಾನು ಮಾಡಿಸ್ಲಿಲ್ಲ. ಕುಡಿದು ಸತ್ತೋನಿಗೆ ನಾನು ನಿಲ್ಲಲ್ಲ ಅಂದೆ. ಮುದುಕರು ನಾಲ್ಕು ಜನ ಸೇರಿ ಮಾಡಿದ್ರು. ಹೆಣ ತೊಳೆದೋರು ಬಂದು ಹೇಳಿದ್ರು, ಬಾಯಲ್ಲಿ ವಾಸನೆ ಇಲ್ಲ, ಕೆನ್ನೆ ಸೇಬಿನ ಹಾಗೆ ಕೆಂಪಗಿದೆ, ಇದೇನೋ ಬೇರೆ ಥರ ಇದೆ ಅಂತ. ನಾನು ವಿಚಾರಿಸ್ಲಿಲ್ಲ. ಪೊಲೀಸ್ ಮುದ್ರೆ ಇರೋ ಕಾಗದ ಕೈಲಿತ್ತು."

ಅದು ಎಸೆಂಗುಲನ ಕಾಗದ. ಕಲ್ಲಿದ್ದಲಿನ ವಿಷದ ಹೊಗೆಯಲ್ಲಿ ಸತ್ತವರ ಕೆನ್ನೆ ಹಾಗೆ ಕೆಂಪಾಗುತ್ತದೆಂದು ಅವನಿಗೆ ತರಬೇತಿಯಲ್ಲಿ ಕಲಿಸಿದ್ದರು. ಆ ಕೆನ್ನೆಯನ್ನು ಅವನೂ ಕಂಡಿದ್ದ. ಚಳಿಗೆ ಕೆಂಪಾಗಿದೆ ಎಂದುಕೊಂಡಿದ್ದ.

ಸೋಮವಾರ, ಹದಿಮೂರನೇ ತಾರೀಕು ಹತ್ತು ಗಂಟೆಗೆ ಶಾಲೆಯ ಉಗ್ರಾಣದ ದಾಖಲೆ ತೆಗೆಸಿದರು. ಮುಖ್ಯೋಪಾಧ್ಯಾಯ ತಾಬಿಲ್ದಿ ತಾನೇ ಪುಟ ತಿರುವಿದ. ಸಂಖ್ಯೆ 417: ಹಗ್ಗ, ಇಪ್ಪತ್ತೈದು ಮೀಟರ್, ಚಿಮಣಿ ಶುಚಿ ಮಾಡಲು, ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಸಾಗಿನನ ವಶಕ್ಕೆ.

"ಹಗ್ಗದ ತುದಿಗೆ ಗುಂಡು, ಕುಂಚ ಕಟ್ಟಿ ಮೇಲಿಂದ ಇಳಿಸ್ತಾರೆ," ತಾಬಿಲ್ದಿ ಹೇಳಿದ. "ಆ ವರ್ಷಾನೂ ಇಳಿಸಿದ್ದಾರೆ, ಹೋದ ವರ್ಷಾನೂ ಇಳಿಸಿದ್ದಾರೆ. ಎರಡಕ್ಕೂ ಪ್ರಮಾಣಪತ್ರ ಇದೆ. ಸಾಗಿನ್ ಸಹಿ ಇದೆ, ನನ್ನ ಮುದ್ರೆ ಇದೆ."

ಜಿಪಾರ್ ಹಗ್ಗವನ್ನು ಮೇಜಿನ ಮೇಲೆ ಇಟ್ಟಳು. "ಎರಡು ಸಲ ಚಿಮಣಿಗೆ ಇಳಿದ ಹಗ್ಗ ಇಷ್ಟು ಬೆಳ್ಳಗೆ ಹೇಗಿದೆ, ಸರ್?"

ತಾಬಿಲ್ದಿ ಕನ್ನಡಕ ತೆಗೆದು ಒರೆಸತೊಡಗಿದ. ಒರೆಸುತ್ತಲೇ ಇದ್ದ.

"ಪ್ರಮಾಣಪತ್ರಕ್ಕೆ ಮುದ್ರೆ ಒತ್ತೋವಾಗ ಈ ಹಗ್ಗ ನೋಡಿದ್ರಾ?" ಎಸೆಂಗುಲ್ ಕೇಳಿದ.

"ಸಹಿ ಇತ್ತಲ್ಲ ಸಾಹೇಬ್ರೆ. ನೀವೂ ಅದೇ ಪತ್ರ ನೋಡಿ ಕಡತಕ್ಕೆ ಹಾಕ್ಕೊಂಡ್ರಿ."



ಮುಕಾಶ್ ಸತ್ತ ದಿನದಿಂದ ಮುಚ್ಚಿದ್ದ ಬಾಯ್ಲರ್ ಕೋಣೆಯ ಬೀಗ ತೆಗೆಸಿದರು. ಕಿಟಕಿಯ ಕಟ್ಟೆಯ ಮೇಲೆ ವೋಡ್ಕಾ ಬಾಟಲಿ ಹಾಗೇ ಇತ್ತು. ಜನವರಿಯಲ್ಲಿ ಫೋಟೊ ತೆಗೆದು ಅಲ್ಲೇ ಬಿಟ್ಟುಹೋಗಿದ್ದರು. ತಳದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು. ಎಸೆಂಗುಲ್ ಬಿರಡೆ ತೆಗೆದು ಮೂಗಿಗೆ ಹಿಡಿದ. ಸೀಮೆಎಣ್ಣೆ. ಒದ್ದೆ ಕಲ್ಲಿದ್ದಲು ಹೊತ್ತಿಸಲು ಇಟ್ಟುಕೊಂಡದ್ದು. ಬಾಗಿಲ ಹಿಂದೆ ಅಂಥವೇ ಮೂರು ಬಾಟಲಿಗಳಿದ್ದವು. ಹೊಗೆ ಕೊಳವೆಯ ಕೆಳಗಿನ ಮುಚ್ಚಳ ತೆಗೆದು ಜಿಪಾರ್ ಕೈ ಹಾಕಿದಳು. ಮೊಣಕೈ ಮುಳುಗುವಷ್ಟರಲ್ಲೇ ಗಟ್ಟಿಕಟ್ಟಿದ ಮಸಿ ತಡೆಯಿತು. ಅದರ ಆಚೆಗೆ ಕೈ ಹೋಗಲಿಲ್ಲ.

ಎಸೆಂಗುಲ್ ಕಲ್ಲಿದ್ದಲಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಬಿರಡೆ ತೆಗೆಯಲು ಒಂದು ಕ್ಷಣ ಸಾಕಿತ್ತು.

"ಬರ್ಕೋ," ಅಂದ. "ಜನವರಿ ಹತ್ತೊಂಬತ್ತರಂದು ತನಿಖಾಧಿಕಾರಿ ಈ ಬಾಟಲಿಯನ್ನು ತೆರೆದು ನೋಡಲಿಲ್ಲ."

ಜಿಪಾರ್ ಪೆನ್ನು ಎತ್ತಿ ಹಿಡಿದಳು. "ಪಂಚನಾಮೇಲಿ ಬರೀಲಾ ಸರ್?"

"ಪಂಚನಾಮೇಲೇ ಬರಿ."

ಮಧ್ಯಾಹ್ನ ಒಂದೂಕಾಲಿಗೆ ಅವನೊಬ್ಬನೇ ಬುರುಲಳ ಮನೆಗೆ ಹೋದ. ಅವಳು ಚಹಾ ಬಗ್ಗಿಸಿ ಮುಂದಿಟ್ಟಳು. ರೊಟ್ಟಿ ಮುರಿದಿಟ್ಟಳು. ಮನೆಗೆ ಬಂದವರಿಗೆ ಕೊಡದೆ ಇರಲು ಅವಳಿಂದ ಆಗುತ್ತಿರಲಿಲ್ಲ.

"ಎಜೆ, ಮುಕಾಶ್ ಬೈಕೆ ಕುಡೀತಿದ್ರಾ?" ಊರಿನವರಂತೆ ಅವಳನ್ನು ಅಕ್ಕ ಎಂದು ಕರೆದೇ ಎಸೆಂಗುಲ್ ಕೇಳಿದ.

ಬುರುಲ್ ಗೋಡೆಬದಿಯ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಹನ್ನೊಂದು ವರ್ಷದಿಂದ ಒಂದು ತೊಟ್ಟು ಮುಟ್ಟಿರ್ಲಿಲ್ಲ. ಲಿವರ್ ಕೆಟ್ಟಿತ್ತು. ಆಸ್ಪತ್ರೆ ಕಾಗದ ಈ ಪೆಟ್ಟಿಗೇಲೇ ಇದೆ. ಅವತ್ತು ನೀವು ಕೇಳಿದ್ರೆ ತೆಗೆದು ಕೊಡ್ತಿದ್ದೆ. ಬಾಗಿಲಲ್ಲೇ ನಿಂತಿದ್ದೆ ನಾನು."

"ನಾನು ತಪ್ಪು ಮಾಡ್ದೆ."

"ಇಲ್ಲಿ ಹೇಳ್ಬೇಡಿ. ನನ್ನ ಮಗಳು ಅತ್ತೆ ಮನೇಲಿ ಕುಡುಕನ ಮಗಳು ಅನ್ನಿಸ್ಕೊಂಡು ರೊಟ್ಟಿ ಸುಡ್ತಿದ್ದಾಳೆ. ಎಲ್ಲಿ ನಕ್ಕಿದ್ರೋ ಅಲ್ಲಿ ಹೋಗಿ ಹೇಳಿ."

"ಹೇಳ್ತೀನಿ."

ಸಂಜೆ ಐದೂವರೆಗೆ ಅವನೂ ಜಿಪಾರಳೂ ಸಾಗಿನನ ಅಂಗಳಕ್ಕೆ ಹೋದರು. ಸಾಗಿನ್ ಐವತ್ತೇಳರ ಗಟ್ಟಿ ಆಳು. ಮುಕಾಶನ ಬಾಲ್ಯದ ಗೆಳೆಯ. ತನ್ನ ಹುಲ್ಲಿನ ಕಟ್ಟುಗಳನ್ನು ಗಾಡಿಗೆ ಏರಿಸುತ್ತಿದ್ದ.

"ಯಾರಿಗೆ ಇದು?"

"ಬುರುಲ್ ಎಜೆಗೆ. ಊರೋರೆಲ್ಲ ಹತ್ತು ಹತ್ತು ಕಟ್ಟು ಕೊಡ್ತಿದ್ದಾರೆ."

"ನೀವೆಷ್ಟು ಕೊಡ್ತಿದ್ದೀರಿ?"

ಸಾಗಿನ್ ಗಾಡಿಯ ಕಡೆ ನೋಡಿದ. ಅವನ ಕೊಟ್ಟಿಗೆಯ ಮಾಡು ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

ಜಿಪಾರ್ ಚೀಲದಿಂದ ಹಗ್ಗ ತೆಗೆದಳು. ಅವನು ಕವೆಗೋಲನ್ನು ಗೋಡೆಗೆ ಒರಗಿಸಿದ.

"ಹಸು ಬಿಚ್ಚಿದ್ದು ನೀವೇನಾ?"

"ನಾನೇ. ಗಬ್ಬದ ಹಸು. ಸರಪಳಿ ಗೂಟದಿಂದ ಬಿಡಿಸೋಕಾಗ್ಲಿಲ್ಲ. ಕೊರಳಪಟ್ಟಿ ತೆಗೆದೆ. ಗಾಡೀಲಿ ಇದೊಂದು ಹಗ್ಗ ಇತ್ತು."

"ಚಿಮಣಿ ಹತ್ತಿದ್ದೀರಾ, ಯಾವತ್ತಾದ್ರೂ?"

"ಇಲ್ಲ."

"ಮತ್ತೆ ಸಹಿ?"

"ಏಣಿಯ ಮೂರನೇ ಮೆಟ್ಟಿಲು ಮುರಿದಿತ್ತು. ಹೊಸ ಏಣಿ ಕೊಡ್ತೀರಾ ಅಂತ ಒಂದ್ಸಲ ಕೇಳಿದೆ. ಇಷ್ಟು ದೊಡ್ಡ ಗಂಡಸಿಗೆ ಹತ್ತೋಕೆ ಭಯಾನಾ ಅಂದ್ರು ತಾಬಿಲ್ದಿ, ಮೇಷ್ಟ್ರುಗಳ ಮುಂದೆ. ನನಗೆ ಭಯ ಇದ್ದಿದ್ದು ನಿಜ. ಎತ್ತರ ಕಂಡ್ರೆ ಕಾಲು ನಡುಗತ್ತೆ. ಇನ್ನೊಂದ್ಸಲ ಕೇಳ್ಲಿಲ್ಲ. ಸಹಿ ಹಾಕ್ದೆ."

ಒಳಗಿನಿಂದ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಸಾಗಿನ್ ಅವಳ ಕಡೆ ತಿರುಗಲಿಲ್ಲ.

"ಮುಕಾಶನಿಗೆ ಗೊತ್ತಿತ್ತಾ?"

"ಮೂರು ಸಲ ಕೇಳಿದ. ಹೊಗೆ ವಾಪಸ್ ಬರ್ತಿದೆ ಸಾಗಿನ್, ಚಿಮಣಿ ನಿಜವಾಗ್ಲೂ ನೋಡಿದ್ಯಾ ಅಂತ. ನೋಡಿದ್ದೀನಿ ಅಂದೆ. ನೀನು ಹೇಳಿದ್ಮೇಲೆ ಸರಿ ಬಿಡು ಅಂದ."

6.10ಕ್ಕೆ ಬಂಧನ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಗಾಡಿಯನ್ನು ಬುರುಲಳ ಮನೆಗೆ ತಲುಪಿಸು ಎಂದು ಸಾಗಿನ್ ಹೆಂಡತಿಗೆ ಹೇಳಿದ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಅವಳು ಮೆಲ್ಲಗೆ ಕೇಳಿದಳು. ಅವನು ಜೀಪು ಹತ್ತಿದ.

ಬುಧವಾರ, ಹದಿನೈದನೇ ತಾರೀಕು ಊರ ಸಭೆಯಲ್ಲಿ ಎಸೆಂಗುಲ್ ಎದ್ದು ನಿಂತ. ಮುಕಾಶ್ ಕುಡಿದಿರಲಿಲ್ಲ, ಕಟ್ಟಿಕೊಂಡ ಚಿಮಣಿಯ ಹೊಗೆಯಿಂದ ಸತ್ತ, ಅದನ್ನು ನಾನು ವಿಚಾರಿಸದೆ ತಪ್ಪು ಬರೆದೆ ಎಂದು ಓದಿ ಹೇಳಿದ. ತನ್ನ ಮೇಲೂ ಮುಖ್ಯೋಪಾಧ್ಯಾಯನ ಮೇಲೂ ಪ್ರಾಸಿಕ್ಯೂಟರಿಗೆ ವರದಿ ಕಳಿಸಿದ್ದೇನೆ, ಚಿಮಣಿ ಶುಚಿಯಾಗುವವರೆಗೆ ಬಾಯ್ಲರಿಗೆ ಬೀಗ ಹಾಕಿದೆ ಎಂದ. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದ. ಎಲ್ಲರೂ ಚಾಪೆ ನೋಡುತ್ತಿದ್ದರು. ಸಭೆ ಮುಗಿದ ಮೇಲೆ ಮೊಲ್ದೊ ನೂರ್ದಿನ್ ಹೊರಟು ಮುಕಾಶನ ಗೋರಿಯಿದ್ದ ಗುಡ್ಡ ಹತ್ತಿದ. ಸ್ವಲ್ಪ ಹೊತ್ತಿನ ಮೇಲೆ ಆರೇಳು ಮಂದಿ ಅವನ ಹಿಂದೆ ಹೋದರು.

ಬೆಂಕಿ ಯಾಕೆ ಇಟ್ಟ ಎಂಬುದಕ್ಕೆ ಸಾಗಿನ್ ಕೊಟ್ಟ ಹೇಳಿಕೆ ಕಡತದ ಮೂವತ್ತೊಂದನೇ ಪುಟದಲ್ಲಿದೆ. ಜೈಲಿಗೆ ಹೆದರಿದ್ದೆ ಎಂದು ಅವನು ಹೇಳಲಿಲ್ಲ. ಶುಕ್ರವಾರ ಶಾಲೆಯಲ್ಲಿ ಬುರುಲ್ ಅರ್ಜಿ ಹಿಡಿದು ಕೂತಿದ್ದನ್ನು ಕಂಡೆ, ಹುಲ್ಲು ಇಲ್ಲದಿದ್ದರೆ ಹಸು ಮಾರಿ ಚಳಿಗಾಲಕ್ಕೆ ಮುಂಚೆ ಮಗಳ ಊರಿಗೆ ಹೋಗಿಬಿಡುತ್ತಾಳೆ ಎಂದುಕೊಂಡೆ ಎಂದ.

"ಹೋದ್ರೆ ಕೇಸು ಮುಚ್ಚಿಹೋಗತ್ತೆ ಅಂತಾನಾ?" ಜಿಪಾರ್ ಕೇಳಿದಳು.

"ಅಲ್ಲ. ಸಭೇಲಿ ಕೇಳಿದ್ದು ಊರನ್ನ, ನನ್ನನ್ನಲ್ಲ. ಅದನ್ನ ತಡ್ಕೋಬಹುದಿತ್ತು." ಸಾಗಿನ್ ಮೊಣಕಾಲುಗಳ ನಡುವೆ ಕೈ ಸೇರಿಸಿಕೊಂಡ. "ದಿನಾ ಬೆಳಿಗ್ಗೆ ಕಾಲುವೆ ಹತ್ರ ನೀರಿಗೆ ಬಂದಾಗ ಸಿಗ್ತಿದ್ಲು. ಸಾಗಿನ್, ಚೆನ್ನಾಗಿದ್ದೀಯಾ, ರಾತ್ರಿ ನಿದ್ದೆ ಬರತ್ತಾ ಅಂತಿದ್ಲು. ಮುಕಾಶನ ಗೆಳೆಯ, ಒಬ್ಬನೇ ಆಗ್ಬಿಟ್ಟ ಅಂತ ಪಾಪ ನಿಜವಾಗ್ಲೂ ವಿಚಾರಿಸ್ತಿದ್ಲು. ಒಂಬತ್ತು ತಿಂಗ್ಳು. ದಿನಾ ಚೆನ್ನಾಗಿದ್ದೀನಿ ಅಂದೆ."

ಜಿಪಾರ್ ಅದನ್ನು ಅವನು ಹೇಳಿದಂತೆಯೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡಳು.