ಜೋಡಿ ಪಾಸು

"ಒಬ್ಬರಿಗೆ ನಡೆಯಲ್ಲ ಮೇಡಂ. ಇದು ಜೋಡಿ ಪಾಸು. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಒಳಗೆ."

ಮ್ಯೂಸಿಯಂ ಕೌಂಟರಿನ ಹುಡುಗಿ ಗಾಜಿನ ಹಿಂದಿನಿಂದ ಹಾಗಂದಾಗ ಪಾಸು ಹಿಡಿದು ನಿಂತಿದ್ದವಳ ಮುಖ ಹುಳ್ಳಗಾಯಿತು.

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಜಿಪುಣಿ ಅಂತ. ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ದಿನವಿಡೀ ಊರವರ ಸೊಂಟ ಮಂಡಿಗಳನ್ನು ಸರಿಮಾಡಿ, ಕೂಡಿಟ್ಟಿದ್ದರಲ್ಲಿ ವರ್ಷಕ್ಕೊಂದು ಪ್ರವಾಸ. ಯಾವ ಮ್ಯೂಸಿಯಂನಲ್ಲಿ ಕೊನೆಯ ಗಂಟೆ ಪುಕ್ಕಟೆ, ಯಾವ ಕೋಟೆಗೆ ಬೆಳಿಗ್ಗೆ ಬೇಗ ಹೋದರೆ ಅರ್ಧ ರೇಟು, ಎಲ್ಲ ಅವಳಿಗೆ ಬಾಯಿಪಾಠ. ಈ ಸಲ ಅಕ್ಕನೂ ಬರುತ್ತಾಳೆಂದು ಮೂರು ದಿನದ ಜೋಡಿ ಪಾಸು ಕೊಂಡಿದ್ದಳು. ಊರಿನ ಅರಮನೆ, ಮ್ಯೂಸಿಯಂ, ಗಡಿಯಾರದ ಗೋಪುರ ಎಲ್ಲಕ್ಕೂ ಅದೊಂದೇ ಸಾಕು. ಹೊರಡುವ ಹಿಂದಿನ ದಿನ ಅಕ್ಕನ ಮಗಳಿಗೆ ಮೈತುಂಬ ಚಿಕನ್‌ಪಾಕ್ಸ್. ಅಕ್ಕ ಮನೆಯಲ್ಲೇ ಉಳಿದಳು.

"ನನ್ನನ್ನ ಸೇರಿಸ್ಕೊಳ್ತೀರಾ?"

ತಿರುಗಿ ನೋಡಿದಳು. ಎತ್ತರದ ಆಳು, ಮೊಣಕೈವರೆಗೆ ಮಡಿಸಿದ ಶರ್ಟು, ತುಟಿಯಲ್ಲಿ ಇಲ್ಲದಿದ್ದರೂ ಕಣ್ಣಲ್ಲಿ ನಗು.

"ಟಿಕೆಟ್ ನನಗೂ ದುಬಾರಿ. ನಿಮಗೂ ಇನ್ನೊಬ್ಬರು ಬೇಕು. ಒಳಗೆ ಹೋದಮೇಲೆ ನೀವ್ಯಾರೋ ನಾನ್ಯಾರೋ."

ಲೆಕ್ಕ ಸರಿಯಾಗಿಯೇ ಇತ್ತು. ಅವಳು ಒಪ್ಪಿದಳು. ಕೌಂಟರಿನ ಹುಡುಗಿ ಅವನನ್ನು ನೋಡಿ ನಗು ತಡೆದುಕೊಂಡಳು.

ಒಳಗೆ ಹೋದಮೇಲೆ ಮಾತ್ರ ಇಬ್ಬರೂ ಬೇರೆ ದಾರಿ ಹಿಡಿಯಲಿಲ್ಲ.

"ಈ ರಾಜನಿಗೆ ಸೊಂಟನೋವು," ಅಂದಳು ಕಲ್ಲಿನ ಮೂರ್ತಿಯೊಂದರ ಮುಂದೆ. "ಭಾರವೆಲ್ಲ ಒಂದೇ ಕಾಲಿನ ಮೇಲೆ ಹಾಕ್ಕೊಂಡು ನಿಂತಿದ್ದಾನೆ ನೋಡಿ."

"ರಾಣಿಗೆ?"

"ಕತ್ತು. ಆ ಕಿರೀಟ ಹೊತ್ತರೆ ಇನ್ನೇನಾಗುತ್ತೆ?"

"ನನಗೆ?"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ದಿನಾ ಎಷ್ಟೋ ಜನರನ್ನು ಹಾಗೆ ನೋಡುವವಳು. ಇವನ ಭುಜದ ಹತ್ತಿರ ಬಂದಾಗ ಯಾಕೋ ಕಣ್ಣು ತಡವರಿಸಿತು.

"ನಿಮಗೇನೂ ಆಗಿಲ್ಲ," ಅಂದಳು.

"ಆಗಿದೆ. ನಿಮಗೆ ಕಾಣಿಸ್ತಿಲ್ಲ ಅಷ್ಟೆ."

ಮರುದಿನ ಗಡಿಯಾರದ ಗೋಪುರ. ಸುರುಳಿ ಮೆಟ್ಟಿಲು, ಒಬ್ಬರು ಸರಿದರೆ ಇನ್ನೊಬ್ಬರಿಗೆ ಜಾಗ. ಇಳಿಯುವವರ ಗುಂಪು ಎದುರಾದಾಗ ಇಬ್ಬರೂ ಗೋಡೆಗೆ ಒತ್ತಿ ನಿಂತರು. ಅವನ ಉಸಿರು ಅವಳ ಕಿವಿಯ ಹತ್ತಿರ ಬಂದು ತಡೆದುಕೊಂಡಿತು. ಗುಂಪು ಹೋಯಿತು. ಇಬ್ಬರೂ ಅಲ್ಲೇ ಇದ್ದರು.

"ಹೋದ್ರು," ಅಂದ ಅವನು.

"ಗೊತ್ತಾಯ್ತು," ಅಂದಳು ಅವಳು, ಕದಲದೆ.

ಕ್ಯೂ ಕಂಡರೆ ಸಿಡುಕುತ್ತಿದ್ದವಳು ಅದೇ ಮಧ್ಯಾಹ್ನ ಅರಮನೆಯ ಮುಂದಿನ ಉದ್ದನೆಯ ಸಾಲು ನೋಡಿ ಒಳಗೊಳಗೇ ಹಿಗ್ಗಿದಳು. ಸಾಲು ಕರಗತೊಡಗಿದಾಗ ಹಿಂದಿದ್ದವರನ್ನು ಮುಂದೆ ಬಿಟ್ಟಳು. ಮೂರೇ ದಿನದ ಪಾಸು, ನಾಳೆ ಸಂಜೆ ರೈಲು.

ಗೇಟಿನಲ್ಲಿದ್ದ ಮುದುಕ ಕಾವಲುಗಾರ ಅವನನ್ನು ಕಂಡು ಬಾಯಿ ತುಂಬ ನಕ್ಕ. "ಏನ್ ಲಿಫ್ಟ್ ಮೇಸ್ತ್ರೀ, ಇವತ್ತು ಮುಂಬಾಗಿಲಿಂದ ಬಂದ್ರಿ? ನಿಮಗ್ಯಾಕೆ ಪಾಸು? ಇಲ್ಲಿ, ಮ್ಯೂಸಿಯಂನಲ್ಲಿ, ಎಲ್ಲಾ ಕಡೆ ನಿಮಗೆ ಫ್ರೀ ಅಲ್ವಾ?"

ಅವನ ಮುಖದ ಬಣ್ಣ ಇಳಿಯಿತು.

"ಟಿಕೆಟ್ ದುಬಾರಿ ಅಂದಿದ್ರಿ," ಅಂದಳು.

"ಅದು, ನಾನು..."

"ಪಾಪ, ಒಂಟಿ ಹೆಂಗಸು ಅಂತ ಕನಿಕರಾನಾ? ಇಲ್ಲಾ ಬಂದ ಟೂರಿಸ್ಟ್‌ಗಳಿಗೆಲ್ಲ ಇದೇ ಮಾತಾ?"

ಉತ್ತರಕ್ಕೆ ಕಾಯದೆ ಹೊರಟುಬಂದಳು. ಲಾಡ್ಜಿನ ರೂಮಿನಲ್ಲಿ ಬಟ್ಟೆ ಮಡಿಸಿದ್ದನ್ನೇ ಮಡಿಸಿದಳು. ಪಾಸು ಹಾಳಾದ ಸಿಟ್ಟು ಇದು ಎಂದುಕೊಂಡಳು. ಆ ಸುಳ್ಳು ತನಗೇ ರುಚಿಸಲಿಲ್ಲ.

ಬೆಳಿಗ್ಗೆ ಕಾಲು ತಾನಾಗಿ ಮ್ಯೂಸಿಯಂ ಕಡೆಗೆ ಎಳೆಯಿತು. ಮೊದಲ ದಿನ ಅರ್ಧ ಮಹಡಿಯನ್ನೂ ನೋಡಿ ಮುಗಿಸಿರಲಿಲ್ಲ.

"ಒಬ್ಬರೇ ಬಂದ್ರಾ?" ಕೌಂಟರಿನ ಹುಡುಗಿಗೆ ಗುರುತು ಸಿಕ್ಕಿತು. "ಅವತ್ತು ನಿಮಗೆ ತೊಂದರೆ ಆಯ್ತಲ್ಲ ಅಂತ ಸಾಹೇಬರನ್ನ ಕೇಳಿದೆ ಮೇಡಂ. ಪಾಸು ವಾಪಸ್ ಕೊಟ್ಟರೆ ಇವತ್ತಿನ ಪಾಲು ಕೊಡ್ತಾರಂತೆ. ನೀವು ಒಂದೇ ಟಿಕೆಟ್ ತಗೊಂಡು ಹೋಗಬಹುದು."

ಬೇರೆ ದಿನವಾಗಿದ್ದರೆ ಜಿಪುಣಿ ಕುಣಿದಾಡುತ್ತಿದ್ದಳು. ಈಗ ಪಾಸನ್ನು ಗಾಜಿನ ಕಿಂಡಿಯೊಳಗೆ ನೂಕಲು ಹೋದ ಕೈ ನಿಂತುಬಿಟ್ಟಿತು. ಕೊಟ್ಟರೆ ಒಬ್ಬಳೇ ಆಗಿಬಿಡುತ್ತೇನೆ.

"ಬೇಡ," ಅಂದಳು. ಪಾಸನ್ನು ಚೀಲಕ್ಕೆ ಹಾಕಿಕೊಂಡಳು. "ಲಿಫ್ಟ್ ರಿಪೇರಿಯವರು ಇವತ್ತು ಎಲ್ಲಿರ್ತಾರೆ?"

ಹುಡುಗಿಯ ಹುಬ್ಬು ಮೇಲೇರಿತು. "ಇಲ್ಲೇ, ಹಿಂದುಗಡೆ. ಬೆಳಿಗ್ಗೆಯಿಂದ ಒಂದೇ ಬೋಲ್ಟು ಬಿಚ್ಚಿ ಹಾಕ್ತಾ ಕೂತಿದ್ದಾರೆ."

ಲಿಫ್ಟಿನ ತೆರೆದ ಬಾಗಿಲ ಮುಂದೆ, ನೆಲದ ಮೇಲೆ ಅವನು ಕೂತಿದ್ದ. ಅವಳನ್ನು ಕಂಡು ಏಳಲೂ ಇಲ್ಲ, ತನ್ನ ಕಣ್ಣನ್ನು ನಂಬಲೂ ಇಲ್ಲ.

"ಕನಿಕರ ಅಲ್ಲ," ಅಂದ, ಅವಳು ಕೇಳುವ ಮೊದಲೇ. "ಅವತ್ತು ಕೆಲಸಕ್ಕೆ ಅಂತಲೇ ಬಂದಿದ್ದೆ. ನೀವು ಕೌಂಟರ್ ಹತ್ರ ನಿಂತಿದ್ರಿ. ಇನ್ನೇನು ತಿರುಗಿ ಹೊರಟೇಬಿಡ್ತೀರಿ ಅನ್ನಿಸ್ತು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಆಮೇಲೆ ನಿಜ ಹೇಳಿದ್ರೆ ಎಲ್ಲಿ ಎದ್ದು ಹೋಗ್ತೀರೋ ಅಂತ ಎರಡು ದಿನ ರಜೆ ಹಾಕಿದೆ. ಯಾರಿಗೂ ಇದುವರೆಗೆ ಹಾಗೆ ಹೇಳಿರಲಿಲ್ಲ."

ಅವಳು ಅವನ ಪಕ್ಕದಲ್ಲಿ ಕೂತಳು.

"ಸಂಜೆ ನನ್ನ ರೈಲು."

"ಗೊತ್ತು. ನಿನ್ನೆಯಿಂದ ಅದನ್ನೇ ನೆನೆಸ್ಕೊಂಡು ಕೂತಿದ್ದೀನಿ."

"ನಮ್ಮೂರಲ್ಲಿ ನೋಡೋಕೆ ಏನೂ ಇಲ್ಲ. ಅರಮನೆ ಇಲ್ಲ, ಗೋಪುರ ಇಲ್ಲ."

"ಲಿಫ್ಟ್?"

"ಆಸ್ಪತ್ರೇಲಿ ಒಂದಿದೆ. ಕೈಕೊಡೋದೇ ಅದರ ಕೆಲಸ."

"ಕರೀರಿ, ಬರ್ತೀನಿ."

"ಲಿಫ್ಟ್ ಕೆಟ್ಟಾಗಲಾ?"

"ಸರಿ ಇದ್ದಾಗಲೂ."

ಅವಳು ನಕ್ಕಳು, ನಗುನಗುತ್ತಲೇ ಕಣ್ಣು ತುಂಬಿತು. ಕೈಚಾಚಿದಳು. ಅವನು ತನ್ನ ಕೈ ಹಿಂದಕ್ಕೆಳೆದುಕೊಂಡ. "ಗ್ರೀಸು..."

"ಇರಲಿ ಬಿಡಿ," ಎಂದು ಅವಳೇ ಹಿಡಿದುಕೊಂಡಳು.

ಆ ದಿನ ಅವರು ಮ್ಯೂಸಿಯಂನ ಒಂದು ಚಿತ್ರವನ್ನೂ ನೋಡಲಿಲ್ಲ.

ಸಂಜೆ ರೈಲು ಊರು ದಾಟಿದ ಮೇಲೆ ಅವಳು ಬುತ್ತಿ ಬಿಚ್ಚಿ, ಕೈ ತೊಳೆಯಲು ಎದ್ದಳು. ಬಲ ಅಂಗೈಯಲ್ಲಿ ಅವನ ಬೆರಳುಗಳ ಕಪ್ಪು ಗುರುತು ಹಾಗೇ ಇತ್ತು. ನಲ್ಲಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಸೀಟಿಗೆ ಹಿಂದಿರುಗಿ, ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿದಳು.